ಫಿರಂಗಿ: ಒಂದು ಆಯುಧನಾಮದ ಮೂಲ

ಮುಂಬಯಿಯಲ್ಲಿ ಕನ್ನಡಿಗರೂ ಮಹಾರಾಷ್ಟ್ರೀಯರೂ ಬಹುಕಾಲದ ನೆರೆಹೊರೆಯವರು. ‘ಫಿರಂಗಿ’ ಎಂಬ ಶಬ್ದ ಇಬ್ಬರಲ್ಲಿಯೂ ಉಂಟು. ಆದರೆ ಕನ್ನಡಿಗರಿಗೆ ಅದು ಕೋಟೆಯ ಬುರುಜಿನ ಮೇಲಣ ತೋಪು. ಮರಾಠರ ಶಸ್ತ್ರಾಗಾರದಲ್ಲಿ ಅದೇ ಹೆಸರು ನೇರ ಅಲಗಿನ ನೀಳ ಖಡ್ಗಕ್ಕೆ ಸಲ್ಲುತ್ತಿತ್ತು. ಒಂದೇ ಹೆಸರು ಎರಡು ಆಯುಧಗಳಿಗೆ ಅಂಟಿಕೊಂಡುದು ಹೇಗೆಂಬುದು ವಿಚಾರಾರ್ಹವಾದ ಪ್ರಶ್ನೆ.

ಶಬ್ದದ ಬೇರು ಯುರೋಪಿನ ‘ಫ್ರಾಂಕ್’ ಎಂಬ ಜನಾಂಗದ ಹೆಸರಿನಲ್ಲಿದೆ. ಅರಬರು ಪಶ್ಚಿಮ ಯುರೋಪಿನವರನ್ನು ‘ಇಫ್ರಂಜ್’ ಎಂದು ಕರೆದರು. ಪಾರಸಿಯಲ್ಲಿ ಅದು ‘ಫರಂಗಿ’ಯಾಯಿತು. 1510ರಲ್ಲಿ ಗೋವೆಯನ್ನು ಬಿಜಾಪುರದವರಿಂದ ಕಸಿದುಕೊಂಡು, 1534ರಲ್ಲಿ ವಸಯಿಯನ್ನೂ ಮುಂಬಯಿಯ ದ್ವೀಪಗಳನ್ನೂ ಪಡೆದ ಪೋರ್ತುಗೀಸರು ಈ ಕರಾವಳಿಯ ಜನರಿಗೆ ಫಿರಂಗಿಗಳಾದರು.

ಅವರ ಹಡಗುಗಳಲ್ಲಿ ಬಂದ ಯುರೋಪಿನ ಅಲಗುಗಳಿಗೆ ಇಲ್ಲಿಯ ಕುಶಲಿಗಳು ಹಿಡಿಯನ್ನು ಕೂಡಿಸಿದರು. ಹೀಗೆ ಖಡ್ಗ ಫಿರಂಗಿಯಾಯಿತು. ಮುಂದೆ ಅದೇ ಮಾದರಿಯಲ್ಲಿ ಈ ದೇಶದಲ್ಲಿಯೇ ಬಡಿದ ಅಲಗುಗಳಿಗೂ ಆ ಹೆಸರೇ ನಿಂತಿತು. ಕನ್ನಡ, ತೆಲುಗು, ತಮಿಳುಗಳಲ್ಲಿಯಾದರೋ ಅದು ತೋಪಿಗೆ ಸಂದಿತು. 1520ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ತೋವಾಂವ್ ದ ಫಿಗೆರೇದೊ ಎಂಬವನ ಕೈಕೆಳಗಿನ ಪೋರ್ತುಗೀಸ್ ಬಂದೂಕುಗಾರರು ಕೃಷ್ಣದೇವರಾಯನಿಗೆ ನೆರವಾದ ಸಂಗತಿಯನ್ನು ನೂನಿಜ್ ಬರೆದಿಟ್ಟಿದ್ದಾನೆ.

ಇಷ್ಟರಿಂದಲೇ ನಮ್ಮ ತೋಪುಗಳೆಲ್ಲವೂ ಪೋರ್ತುಗೀಸರಿಂದ ಬಂದುವೆಂದು ಹೇಳುವುದು ಸಾಹಸವಾದೀತು. ಅದೇ ರಾಯಚೂರಿನ ಕಾಳಗದಲ್ಲಿ ಎದುರಾಳಿಯಾದ ಬಿಜಾಪುರದ ಸೈನ್ಯದಲ್ಲಿ ತೋಪುಗಳು ಹೇರಳವಾಗಿದ್ದುವು. ವಿಜಯಪುರದಲ್ಲಿರುವ ‘ಮಲಿಕ್-ಎ-ಮೈದಾನ್’ ಕನ್ನಡಿಗರ ಬಾಯಲ್ಲಿ ಫಿರಂಗಿಯೇ ಸರಿ. ಆದರೆ ಅದನ್ನು 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ‘ರೂಮಿ’ ಎಂಬ ಉಪನಾಮ ತುರ್ಕರ ನಾಡಿನ ಕಡೆಗೆ ಬೆರಳು ಮಾಡುತ್ತದೆ. ‘ತೋಪು’ ಎಂಬುದೂ ಮೂಲತಃ ತುರ್ಕಿ ಶಬ್ದವೇ. ಹೀಗೆ ಒಂದೇ ಆಯುಧದ ಎರಡು ಹೆಸರುಗಳಲ್ಲಿ ಎರಡು ದಿಕ್ಕಿನ ಸಂಪರ್ಕಗಳು ಉಳಿದುಬಂದಿವೆ.

ಅಮೆರಿಕದಲ್ಲಿ ಹುಟ್ಟಿದ ಹಣ್ಣೊಂದನ್ನು ನಾವು ಪರಂಗಿ ಹಣ್ಣೆನ್ನುತ್ತೇವೆ. ಅಲ್ಲಿಯೂ ಹೆಸರು ತಂದವರದು, ತವರಿನದಲ್ಲ. ಹೆಸರಿಟ್ಟವರ ಕಣ್ಣಿಗೆ ಬಿದ್ದವರು ಯಾರೆಂಬುದನ್ನಷ್ಟೇ ಶಬ್ದ ತಿಳಿಸುತ್ತದೆ. ಮಾಡಿದವರು ಯಾರೆಂಬುದಕ್ಕೆ ಲೋಹದ ಮೇಲಣ ಬರಹವನ್ನೇ ಓದಬೇಕು. ಇವೆರಡನ್ನು ಒಂದೆಂದು ಬಗೆದರೆ, ದಖ್ಖನದ ಎರಕದವರಿಗೆ ಸಲ್ಲಬೇಕಾದ ಕೀರ್ತಿ ಬರಿಯ ಒಂದು ಹೆಸರಿನ ಬಲದಿಂದ ಪರರ ಪಾಲಾಗುತ್ತದೆ.