ಕರ್ನಲ್‌ನಲ್ಲಿ ದಂಡದ ಸೊನ್ನೆ

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ಮೆಮೊರಿಯ ತುಂಡೊಂದನ್ನು ಬಳಕೆಗೆ ಕೊಡುವಾಗ ಹಳೆಯ ದತ್ತಾಂಶ ಉಳಿಯದಂತೆ ಅದರಲ್ಲಿ ಸೊನ್ನೆ ತುಂಬುವುದುಂಟು. ಆಗಲೇ ಸೊನ್ನೆಯಾಗಿರುವ, ಇಲ್ಲವೇ ಮರುಕ್ಷಣವೇ ಬೇರೆ ಬೆಲೆ ಬಂದು ಕೂರುವ ಜಾಗಕ್ಕೂ ಸೊನ್ನೆ ಬರೆದರೆ ಅದು ದಂಡದ ಕೆಲಸ. ಮಾನ್ವಿಯ ರೈಸ್ ಮಿಲ್ಲಿನಲ್ಲಿ ಕೊಡವಿಟ್ಟ ಚೀಲವನ್ನೇ ಮತ್ತೆ ಕೊಡವಿ ಅಕ್ಕಿ ತುಂಬಿದಂತೆ. ಒಂದು ಚೀಲಕ್ಕೆ ಅದು ಲೆಕ್ಕಕ್ಕಿಲ್ಲ, ಲಾರಿ ಲೋಡಿಗೆ ಹೊತ್ತು ಮುಳುಗುತ್ತದೆ.

ಕರ್ನಲ್‌ನ ಲೋಡು ಲಾರಿಗಿಂತ ದೊಡ್ಡದು. 10 ಗಿಗಾಬಿಟ್ ಈಥರ್ನೆಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 1.48 ಕೋಟಿ ಪುಟ್ಟ ಪ್ಯಾಕೆಟ್‌ಗಳು ಬರಬಲ್ಲವು, ಅಂದರೆ ಒಂದೊಂದರ ಪಾಲಿಗೆ ಸಿಗುವುದು 67 ನ್ಯಾನೊಸೆಕೆಂಡ್. ಲಿನಕ್ಸ್ ಪ್ಯಾಕೆಟ್‌ಗೊಂದು ‘ಎಸ್‌ಕೆ_ಬಫ್’ ಎಂಬ ರಚನೆ ಇಡುತ್ತದೆ. ಅದಕ್ಕೆ ಸೊನ್ನೆ ತುಂಬುವುದು ‘ಟೇಲ್’ ಎಂಬ ಅಂಕಣದ ಅಂಚಿನವರೆಗೆ ಮಾತ್ರ. ಟೇಲ್, ಎಂಡ್, ಹೆಡ್, ಡೇಟಾ ಮುಂತಾದವಕ್ಕೆ ಮುಂದಿನ ಸಾಲುಗಳಲ್ಲೇ ನಿಜವಾದ ಬೆಲೆ ಸಿಗುತ್ತದೆ. ಟೇಲ್‌ನ ಆಚೆಗೆ ಹೊಸ ಅಂಕಣ ಸೇರಿಸಬೇಡಿ ಎಂಬ ಎಚ್ಚರಿಕೆಯೂ ಕೋಡಿನಲ್ಲೇ ಇದೆ.

ಸಾಧನಗಳು ಪ್ರೊಸೆಸರ್‌ನ ನೆರವಿಲ್ಲದೆ ನೇರವಾಗಿ ಓದಿ ಬರೆಯುವ ಡಿಎಂಎ ಮೆಮೊರಿಯ ಕಥೆ ಇನ್ನೂ ತಮಾಷೆಯದು. ಸಾಮಾನ್ಯ ಫಂಕ್ಷನ್ನೇ ಸೊನ್ನೆ ತುಂಬಿ ಕೊಡುವಂತಾದ ಮೇಲೆ, ‘ಸೊನ್ನೆ ತುಂಬಿ ಕೊಡುವ’ ಪ್ರತ್ಯೇಕ ಫಂಕ್ಷನ್‌ಗೆ ಕೆಲಸವೇ ಉಳಿಯಲಿಲ್ಲ. 2019ರ ಮಾರ್ಚ್‌ನ ಲಿನಕ್ಸ್ 5.0ರಲ್ಲಿ ಅದನ್ನು ಕಿತ್ತುಹಾಕಲಾಯಿತು.

ಕೀಳುವುದು ಸುಲಭ, ಅನಗತ್ಯವೆಂದು ಸಾಬೀತು ಮಾಡುವುದೇ ಕಷ್ಟ. ಒಂದು ಬೈಟ್‌ನ ಅಂಕಣದ ನಂತರ ನಾಲ್ಕು ಬೈಟ್‌ನದೊಂದು ಬಂದರೆ, ಜೋಡಣೆಗಾಗಿ ಕಂಪೈಲರ್ ನಡುವೆ ಮೂರು ಬೈಟ್ ಖಾಲಿ ಬಿಡುತ್ತದೆ. ಎರಡೂ ಅಂಕಣಗಳಿಗೆ ಬೆಲೆ ಕೊಟ್ಟು, ಸೊನ್ನೆ ತುಂಬುವ ‘ಮೆಮ್‌ಸೆಟ್’ ಫಂಕ್ಷನ್ ಬೇಡವೆಂದು ಅಳಿಸಿದರೆ ಆ ಮೂರು ಬೈಟ್‌ಗಳಲ್ಲಿ ಹಳೆಯ ಗುಟ್ಟು ಹಾಗೇ ಕೂತಿರುತ್ತದೆ. ರಚನೆ ಇಡಿಯಾಗಿ ಬಳಕೆದಾರರ ಪ್ರೋಗ್ರಾಂಗೆ ನಕಲಾದಾಗ ಅದೂ ಹೊರಬೀಳುತ್ತದೆ.

ಈ ಭಯದಿಂದಲೇ ಗಾಳಿ ತಿರುಗಿ ಬೀಸಿತು. 2019ರಲ್ಲೇ, ಹಂಚುವ ಎಲ್ಲ ಮೆಮೊರಿಗೂ ಸೊನ್ನೆ ತುಂಬುವ ಆಯ್ಕೆ ಲಿನಕ್ಸ್ 5.3ಕ್ಕೆ ಬಂತು. ಬಹುತೇಕ ಕೆಲಸಗಳಿಗೆ ಅದರ ಹೊರೆ ಶೇ. 1ಕ್ಕಿಂತ ಕಡಿಮೆ, ಕೃತಕ ಪರೀಕ್ಷೆಗಳಲ್ಲಿ ಶೇ. 7ರವರೆಗೆ ಎಂದು ಕರ್ನಲ್‌ನ ಟಿಪ್ಪಣಿಯೇ ಹೇಳುತ್ತದೆ. ದೇವದುರ್ಗದ ಅಂಗಡಿಯಲ್ಲಿ ಕೊಳ್ಳುವ ಆಂಡ್ರಾಯ್ಡ್ ಫೋನಿನೊಳಗಿರುವುದೂ ಲಿನಕ್ಸ್ ಕರ್ನಲ್ಲೇ. ಆಂಡ್ರಾಯ್ಡ್ 11ರಿಂದ ಗೂಗಲ್ ಇಂಥ ರಕ್ಷಣೆಯನ್ನು ಅಲ್ಲಿ ಮಾಮೂಲಿ ಮಾಡಿತು.

ಹಾಗಾಗಿ ಮೆಮ್‌ಸೆಟ್ ಅಳಿಸಲು ಕೈಹಾಕುವವರು ವೇಗದ ಅಳತೆಯ ಜೊತೆಗೆ ಕೆಎಂಸ್ಯಾನ್ ಪರೀಕ್ಷೆಯನ್ನೂ ಮಾಡಿಸಬೇಕು. ಬೆಲೆ ಕೊಡದ ಮೆಮೊರಿಯಲ್ಲಿರುವುದನ್ನು ನಂಬಿ ಕೋಡು ತೀರ್ಮಾನ ಮಾಡಿದರೆ, ಇಲ್ಲವೇ ಅದು ಬಳಕೆದಾರರ ಪ್ರೋಗ್ರಾಂಗೆ ನಕಲಾದರೆ ದೂರು ಕೊಡುವ ಈ ಸಾಧನ 2022ರ ಡಿಸೆಂಬರ್‌ನಲ್ಲಿ ಲಿನಕ್ಸ್ 6.1ರೊಂದಿಗೆ ಬಂದಿದೆ. ಅದಕ್ಕೆ ಕ್ಲ್ಯಾಂಗ್ ಕಂಪೈಲರ್ ಬೇಕು.