ಸಾಲ್ಮನ್ ಗಾಳಕ್ಕೆ ನಮ್ಮ ಕಾಡುಕೋಳಿ ಗರಿ

ಹೊನ್ನಾಳಿ ಹತ್ರ ತುಂಗಭದ್ರೆ ದಂಡೆ ಮೇಲೆ ಗಾಳ ಹಾಕಿ ಕೂತವರನ್ನ ನೋಡಿರ್ತೀರಿ. ಎರೆಹುಳ, ಇಲ್ಲಾಂದ್ರೆ ಹಿಟ್ಟಿನ ಉಂಡೆ, ಅಷ್ಟೇ. 19ನೇ ಶತಮಾನದ ಬ್ರಿಟನ್ನಿನ ಶ್ರೀಮಂತರು ಸಾಲ್ಮನ್ ಮೀನಿಗೆ ಹಾಕ್ತಿದ್ದ ಗಾಳದ ಕಥೆಯೇ ಬೇರೆ. ಕೊಕ್ಕೆಗೆ ರೇಷ್ಮೆ ದಾರ ಸುತ್ತಿ, ಬಣ್ಣಬಣ್ಣದ ಗರಿಗಳನ್ನ ರೆಕ್ಕೆ ಥರ ಕಟ್ಟೋರು. ಹೆಸರು ‘ಫ್ಲೈ’, ಅಂದ್ರೆ ನೊಣ. ತಮಾಷೆ ಏನಂದ್ರೆ, ಮೊಟ್ಟೆಯಿಡೋಕೆ ನದಿಗೆ ಬರೋ ಸಾಲ್ಮನ್ ತಿನ್ನೋದೇ ಇಲ್ಲ ಅನ್ನಬಹುದು! ನೊಣದ ಹೋಲಿಕೆ ಯಾರಿಗೂ ಬೇಕಿರಲಿಲ್ಲ, ಶೋಕಿ ಬೇಕಿತ್ತು.

ಆ ಶೋಕಿಗೆ ನಮ್ಮ ದಕ್ಷಿಣ ಭಾರತದ ಬೂದು ಕಾಡುಕೋಳಿ ಬೇಕಾಯ್ತು. ಹುಂಜದ ಕೊರಳ ಗರೀಲಿ ಮೇಣದ ಹನಿ ಬಿದ್ದಂತೆ ಹೊಳೆಯೋ ಚುಕ್ಕೆ ಇರುತ್ತೆ. ಗಾಳದ ಪಕ್ಕಕ್ಕೆ ಕಟ್ಟಿದ್ರೆ ಥೇಟ್ ಕಣ್ಣು. ಪ್ರಸಿದ್ಧ ‘ಜಾಕ್ ಸ್ಕಾಟ್’ ಫ್ಲೈಯಲ್ಲೂ ಅದಿದೆ, 1895ರ ಜಾರ್ಜ್ ಕೆಲ್ಸನ್ ಪುಸ್ತಕದಲ್ಲೂ ಮತ್ತೆ ಮತ್ತೆ ಸಿಗುತ್ತೆ. ಅದೇ ಪುಸ್ತಕದ ‘ಇಂಡಿಯನ್ ಕ್ರೋ’ ಮಾತ್ರ ನಮ್ಮದಲ್ಲ, ಕಾಗೆಯೂ ಅಲ್ಲ. ದಕ್ಷಿಣ ಅಮೆರಿಕದ ಹಕ್ಕಿ.

ಹುಚ್ಚು ಇನ್ನೂ ಇಳಿದಿಲ್ಲ. 2009ರಲ್ಲಿ ಕೊಳಲು ಕಲೀತಿದ್ದ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನಿಂದ ಬೇರೆಬೇರೆ ದೇಶಗಳ 299 ಹಕ್ಕಿಗಳ ಚರ್ಮ ಕದ್ದ. ಹಳೇ ಮಾದರಿ ಫ್ಲೈ ಕಟ್ಟೋರಿಗೆ ಮಾರಿದ. ಎಲ್ಲಿ, ಯಾವಾಗ ಸಿಕ್ಕ ಹಕ್ಕಿ ಅಂತ ಬರೆದಿದ್ದ ಚೀಟಿಗಳನ್ನ ಎಷ್ಟೋ ಚರ್ಮಗಳಿಂದ ಕಿತ್ತಿದ್ರು. ಚೀಟಿ ಹೋದ್ಮೇಲೆ ವಿಜ್ಞಾನಿಗೆ ಅದು ಬರೀ ಗರಿ.

ನಾನು ನ್ಯಾಮತಿ ಕಡೆಯವನು. ಕಾಡುಕೋಳಿ ಅಂದ್ರೆ ಉರುಳಿಗೆ ಬೀಳೋ ಸಾರಿನ ಹಕ್ಕಿ ಅಂತ್ಲೇ ಕೇಳಿ ಬೆಳೆದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನ ಬೇಟೆಯಾಡೋದು ಅಪರಾಧ. ಬ್ರಿಟನ್ನಲ್ಲಿ ಈಗ ಗರಿಗಂತ್ಲೇ ಸಾಕ್ತಾರೆ. ಚನ್ನಗಿರಿ ಕಾಡಂಚಲ್ಲಿ ಹುಂಜದ ಕೂಗು ಕೇಳಿದ್ರೆ, ಫೋನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ.