ಕೊಲೆಸ್ಟ್ರಾಲ್ ಮಾತ್ರೆ ಮತ್ತು ದೊಡ್ಡಪ್ಪನ ದಮ್ಮು

ತುಂಬಾ ದಿನ ಆಯ್ತು, ಈ ಕಡೆ ತಲೆ ಹಾಕೋಕೇ ಆಗಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಮುಗಿಸಿ ಹೋದ ತಿಂಗಳು ನಾಲ್ಕು ದಿನ ಊರಿಗೆ ಹೋಗಿದ್ದೆ. ಈ ಬರಹ ಹುಟ್ಟಿದ್ದು ಅಲ್ಲಿ, ಮನೆ ಜಗಲಿ ಮೇಲೆ.

ನಮ್ಮ ದೊಡ್ಡಪ್ಪನಿಗೆ ಈಗ ಎಪ್ಪತ್ತರ ಹತ್ತಿರ. ನಲವತ್ತು ವರ್ಷ ಬೀಡಿ ಸೇದಿದವರು. ಆರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡರು, ಆಗಲೇ ಬೀಡಿ ಬಿಟ್ಟರು. ಅದಾಗಿ ಎರಡು ವರ್ಷಕ್ಕೆ ಸಿ.ಓ.ಪಿ.ಡಿ. ಇದೆ ಅಂತ ಗೊತ್ತಾಯ್ತು. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬಾರದ ಕಾಯಿಲೆ ಅದು. ನಮ್ಮೂರಲ್ಲಿ ಇಂಥದ್ದಕ್ಕೆಲ್ಲ ಒಂದೇ ಹೆಸರು, ದಮ್ಮು.

ನಾನು ಹೋದ ದಿನ ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು ಹತ್ತಿ ಬಂದವರೇ ಕಂಬ ಹಿಡಿದು ನಿಂತರು. ಮಾತಾಡೋಕೆ ಎರಡು ನಿಮಿಷ ಬೇಕಾಯ್ತು. ಆಮೇಲೆ ಹೇಳಿದ್ದಿಷ್ಟು:

"ಲೋ ಮಗ, ಈ ಕೊಲೆಸ್ಟ್ರಾಲ್ ಮಾತ್ರೆ ದಮ್ಮಿಗೂ ಆಗುತ್ತಂತೆ ಕಣೋ. ನಮ್ಮ ಮೇಷ್ಟ್ರು ಪೇಪರ್ ಕಟಿಂಗ್ ಕೊಟ್ಟಿದಾರೆ ನೋಡು. ಮಾತ್ರೆ ಹೇಗೂ ನುಂಗ್ತಾನೇ ಇದೀನಲ್ಲ, ಅದಕ್ಕೇ ಆ ಪಂಪು ಬಿಟ್ಬಿಟ್ಟೆ. ಅದು ಚಟ ಆಗ್ಬಿಡುತ್ತಂತೆ."

ಪಂಪು ಅಂದ್ರೆ ಇನ್‌ಹೇಲರ್. ನನಗೆ ಎದೆ ಧಸಕ್ಕೆಂದಿತು. ಕಟಿಂಗ್ ಓದಿದೆ. ತುಂಬಾ ಹಳೇದು, ಹಳದಿ ತಿರುಗಿತ್ತು. ಆದ್ರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ, ತೊಂದರೆ ಇದ್ದಿದ್ದೇ ಅಲ್ಲಿ. ರಾತ್ರಿ ಕೂತು ಇದರ ಇತಿಹಾಸ ಹುಡುಕಿದೆ. ಸಿಕ್ಕಿದ್ದು ಒಂದು ಒಳ್ಳೇ ಕಥೆ.

ಕಥೆ ಶುರುವಾಗೋದು ಜಪಾನಿನಲ್ಲಿ. ಅಕಿತಾ ಪ್ರಾಂತ್ಯದ ರೈತರ ಮನೆಯ ಹುಡುಗ ಅಕಿರಾ ಎಂಡೊ. ಚಿಕ್ಕಂದಿನಿಂದ ಅಣಬೆ, ಬೂಷ್ಟು ಅಂದ್ರೆ ಹುಚ್ಚು. ಮುಂದೆ ಟೋಕಿಯೋದ ಸಾಂಕ್ಯೋ ಅನ್ನೋ ಔಷಧಿ ಕಂಪನಿ ಸೇರಿದರು. ಬೂಷ್ಟಿನಿಂದ ಪೆನ್ಸಿಲಿನ್ ಬಂದಿರುವಾಗ, ದೇಹ ಕೊಲೆಸ್ಟ್ರಾಲ್ ತಯಾರಿಸೋದನ್ನ ತಡೆಯೋ ವಸ್ತುವೂ ಯಾವುದೋ ಬೂಷ್ಟಿನಲ್ಲಿ ಇರಬೇಕು ಅನ್ನೋದು ಅವರ ಊಹೆ. 1971ರಿಂದ ಎರಡು ವರ್ಷ, ಆರು ಸಾವಿರ ಬಗೆಯ ಬೂಷ್ಟುಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿದರು. ಕೊನೆಗೆ 1973ರಲ್ಲಿ ಸಿಕ್ಕಿತು, ಕ್ಯೋಟೋದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ನೀಲಿ-ಹಸಿರು ಬೂಷ್ಟಿನಲ್ಲಿ! ನಮ್ಮಮ್ಮ ಆಗಿದ್ದರೆ ಮೊರ ಸಮೇತ ತಿಪ್ಪೆಗೆ ಎಸೀತಿದ್ದರು :-)

ಅದೇ ಮೊದಲ ಸ್ಟ್ಯಾಟಿನ್. 1980ರಲ್ಲಿ ಸಾಂಕ್ಯೋ ಆ ಔಷಧಿಯನ್ನ ಕೈಬಿಟ್ಟಿತು. ಅದೇ ಕುಟುಂಬದ ಇನ್ನೊಂದು ಔಷಧಿ, ಮರ್ಕ್ ಕಂಪನಿಯ ಲೋವಾಸ್ಟ್ಯಾಟಿನ್, 1987ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1994ರಲ್ಲಿ ಉತ್ತರ ಯೂರೋಪಿನ ದೇಶಗಳಲ್ಲಿ 4,444 ಹೃದ್ರೋಗಿಗಳ ಮೇಲೆ ಸಿಮ್ವಾಸ್ಟ್ಯಾಟಿನ್ ಪರೀಕ್ಷೆ ಮಾಡಿದಾಗ, ಸಾವು ಶೇಕಡ 30ರಷ್ಟು ಕಡಿಮೆಯಾಗಿತ್ತು. ಹೃದಯದ ಮಟ್ಟಿಗೆ ಇನ್ನು ಅನುಮಾನಕ್ಕೆ ಜಾಗ ಇರಲಿಲ್ಲ. ಎಂಡೊ 2024ರಲ್ಲಿ ತೀರಿಕೊಂಡರು. ನೊಬೆಲ್ ಕೊನೆಗೂ ಸಿಗಲಿಲ್ಲ.

ಸರಿ, ಹೃದಯದ ಮಾತ್ರೆ ಶ್ವಾಸಕೋಶದ ಕಡೆ ಬಂದಿದ್ದು ಹೇಗೆ?

ಸ್ಟ್ಯಾಟಿನ್ ಕೊಲೆಸ್ಟ್ರಾಲ್ ಇಳಿಸೋದರ ಜೊತೆಗೆ ಉರಿಯೂತವನ್ನೂ ಸ್ವಲ್ಪ ತಗ್ಗಿಸುತ್ತೆ ಅಂತ ಗೊತ್ತಾಗಿತ್ತು. ಸಿ.ಓ.ಪಿ.ಡಿ. ಅಂದ್ರೆ ಶ್ವಾಸನಾಳಗಳ ಆರದ ಉರಿಯೂತವೇ. ಅದೂ ಅಲ್ಲದೆ ಈ ರೋಗಿಗಳಲ್ಲಿ ಅನೇಕರು ಸಾಯೋದು ಹೃದಯದ ಕಾಯಿಲೆಯಿಂದ. 2000ದ ದಶಕದಲ್ಲಿ ಹಲವು ದೇಶಗಳ ವೈದ್ಯರು ಆಸ್ಪತ್ರೆಯ ಹಳೇ ದಾಖಲೆಗಳನ್ನ ಕೆದಕಿದರು. 2007ರಲ್ಲಿ ನಾರ್ವೆಯಿಂದ ಬಂದ ವರದಿ ಇದರಲ್ಲೊಂದು. ಸಿ.ಓ.ಪಿ.ಡಿ. ಕೆರಳಿ ಆಸ್ಪತ್ರೆ ಸೇರಿ ಮನೆಗೆ ಹೋದ 854 ಜನರಲ್ಲಿ, ಸ್ಟ್ಯಾಟಿನ್ ತಗೊಳ್ಳುತ್ತಿದ್ದವರು ಹೆಚ್ಚು ಕಾಲ ಬದುಕಿದ್ದರು. ಇಂಥ ವರದಿಗಳು ಒಂದಾದ ಮೇಲೊಂದು ಬಂದವು. ದೊಡ್ಡಪ್ಪನ ಕಟಿಂಗ್ ಈ ಕಾಲದ್ದೇ.

ಆದ್ರೆ ಇಲ್ಲೊಂದು ಬಗ್ ಇದೆ, ನೋಡಿ. ಸ್ಟ್ಯಾಟಿನ್ ಯಾರು ತಗೊಳ್ತಾರೆ? ಡಾಕ್ಟರ ಹತ್ತಿರ ಆಗಾಗ ಹೋಗುವವರು, ಹೇಳಿದ ಹೊತ್ತಿಗೆ ಮಾತ್ರೆ ನುಂಗುವವರು, ಮನೆಯಲ್ಲಿ ನೋಡಿಕೊಳ್ಳೋಕೆ ಜನ ಇರುವವರು. ಇಂಥವರು ಮಾತ್ರೆ ಇಲ್ಲದಿದ್ರೂ ನಾಲ್ಕು ದಿನ ಹೆಚ್ಚೇ ಬದುಕಬಹುದು. ಕೊಲೆಸ್ಟ್ರಾಲ್ ಅಂಕಿಯೂ ಹಾಗೇ ಮೋಸ ಮಾಡುತ್ತೆ. ಕಾಯಿಲೆ ಜೋರಾಗಿ ಮೈ ಸೊರಗಿದಾಗ ಅದು ತಾನಾಗೇ ಇಳಿಯಬಹುದು. ಆಗ 'ಕಡಿಮೆ ಇದೆ' ಅಂತ ಖುಷಿಪಡೋ ಹಾಗಿಲ್ಲ.

ಇನ್ನೂ ಸೂಕ್ಷ್ಮವಾದ ಬಗ್ ಒಂದಿದೆ. ಮಾಂಟ್ರಿಯಲ್‌ನ ಸ್ಯಾಮಿ ಸುಯಿಸ್ಸಾ ಅನ್ನೋ ಸಂಶೋಧಕರು 2003ರಲ್ಲಿ ಸಿ.ಓ.ಪಿ.ಡಿ.ಯ ಬೇರೊಂದು ಔಷಧಿಯ ವಿಷಯದಲ್ಲಿ ಇದನ್ನ ತೋರಿಸಿದರು. ಆಸ್ಪತ್ರೆಯಿಂದ ಮನೆಗೆ ಬಂದು ಮೂರು ತಿಂಗಳಾದ ಮೇಲೆ ಒಬ್ಬರಿಗೆ ಔಷಧಿ ಬರೆದುಕೊಟ್ಟರು ಅಂದುಕೊಳ್ಳಿ. ಲೆಕ್ಕ ಹಾಕುವವರು ಅವರನ್ನ ಮೊದಲ ದಿನದಿಂದಲೇ 'ಔಷಧಿ ತಗೊಂಡವರು' ಪಟ್ಟಿಗೆ ಸೇರಿಸಿದರೆ ಆ ಮೂರು ತಿಂಗಳು ಔಷಧಿಯ ಖಾತೆಗೆ ಪುಕ್ಕಟೆ ಆಯಸ್ಸು! ಯಾಕಂದ್ರೆ ಅಷ್ಟರೊಳಗೆ ತೀರಿಕೊಂಡವರೆಲ್ಲ 'ತಗೊಳ್ಳದವರು' ಪಟ್ಟಿಗೆ ಹೋಗಿರ್ತಾರೆ. ಟೈಮರ್ ಎಲ್ಲಿಂದ ಶುರು ಮಾಡಬೇಕು ಅನ್ನೋ ತಪ್ಪು. ನಾನೂ ಕೋಡ್‌ನಲ್ಲಿ ಎಷ್ಟು ಸಲ ಮಾಡಿದೀನೋ.

ಇದನ್ನೆಲ್ಲ ಬಗೆಹರಿಸೋಕೆ ಇರೋದು ಒಂದೇ ದಾರಿ, ಚೀಟಿ ಎತ್ತಿ ಹಂಚೋದು. 2010ರಲ್ಲಿ ಅಮೆರಿಕ ಮತ್ತು ಕೆನಡಾದ 45 ಕೇಂದ್ರಗಳಲ್ಲಿ 'ಸ್ಟ್ಯಾಟ್‌ಕೋಪ್' ಅನ್ನೋ ಪರೀಕ್ಷೆ ಶುರುವಾಯ್ತು. 885 ಸಿ.ಓ.ಪಿ.ಡಿ. ರೋಗಿಗಳು. ಯಾರಿಗೆ ದಿನಕ್ಕೆ 40 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್, ಯಾರಿಗೆ ಔಷಧಿಯೇ ಇಲ್ಲದ ಖಾಲಿ ಮಾತ್ರೆ ಅನ್ನೋದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 2014ರಲ್ಲಿ ಫಲಿತಾಂಶ ಬಂತು. ಕಾಯಿಲೆ ಕೆರಳಿದ್ದು ವರ್ಷಕ್ಕೆ ಸರಾಸರಿ ಸ್ಟ್ಯಾಟಿನ್ ಗುಂಪಿನಲ್ಲಿ 1.36 ಸಲ, ಖಾಲಿ ಮಾತ್ರೆಯವರಲ್ಲಿ 1.39 ಸಲ. ಸತ್ತವರು 28 ಮತ್ತು 30. ವ್ಯತ್ಯಾಸವೇ ಇಲ್ಲ. ಮುಂದುವರಿಸಿ ಪ್ರಯೋಜನವಿಲ್ಲ ಅಂತ ಪರೀಕ್ಷೆಯನ್ನ ಅವಧಿಗೆ ಮುಂಚೆಯೇ ನಿಲ್ಲಿಸಿದ್ದರು. 2021ರಲ್ಲಿ ಆಸ್ಟ್ರಿಯಾದ ಇನ್ನೂರು ಚಿಲ್ಲರೆ ರೋಗಿಗಳ ಒಂದು ಚಿಕ್ಕ ಪರೀಕ್ಷೆಯಲ್ಲಿ ಪ್ರಯೋಜನ ಕಂಡಿದೆ ಅನ್ನೋದನ್ನೂ ಹೇಳಬೇಕು. ಆದ್ರೆ ಶ್ವಾಸಕೋಶಕ್ಕಾಗಿಯೇ ಸ್ಟ್ಯಾಟಿನ್ ಕೊಡೋ ಪದ್ಧತಿ ಬಂದಿಲ್ಲ.

ಬೆಳಿಗ್ಗೆ ಎದ್ದವನೇ ದೊಡ್ಡಪ್ಪನಿಗೆ ಅಂಕಿಗಳನ್ನೆಲ್ಲ ಒಪ್ಪಿಸಿದೆ. ಇಂಜಿನಿಯರಿಂಗ್ ಓದಿದವನಲ್ವೇ, ಗತ್ತು! ಅವರು ಪೂರ್ತಿ ಕೇಳಿ, "ಹಾಗಾದ್ರೆ ಆ ಮಾತ್ರೇನೂ ದಂಡವೇ ಅನ್ನು. ಪಂಪು ಶುರು ಮಾಡ್ತೀನಿ, ಅದನ್ನ ಬಿಡ್ತೀನಿ. ತಿಂಗಳಿಗೆ ಅಷ್ಟಾದ್ರೂ ದುಡ್ಡು ಉಳೀತು" ಅಂದರು.

ತಕ್ಷಣ ನನಗೆ ಉತ್ತರ ಹೊಳೀಲಿಲ್ಲ. ನಾನು ಓದಿದ್ದು ಬರೀ ಸಾರಾಂಶದ ಕೊನೇ ಸಾಲು. ಮತ್ತೆ ಹೋಗಿ, ಆ 885 ಜನರನ್ನ ಆರಿಸಿದ್ದು ಹೇಗೆ ಅಂತ ನೋಡಿದೆ. ಹೃದ್ರೋಗ ಇದ್ದವರನ್ನ, ಸಕ್ಕರೆ ಕಾಯಿಲೆ ಇದ್ದವರನ್ನ, ಆಗಲೇ ಸ್ಟ್ಯಾಟಿನ್ ಬೇಕಾಗಿದ್ದವರನ್ನ ಪರೀಕ್ಷೆಗೆ ಸೇರಿಸಿಕೊಂಡೇ ಇರಲಿಲ್ಲ! ಅಂದ್ರೆ ನಮ್ಮ ದೊಡ್ಡಪ್ಪನಂಥವರು ಅಲ್ಲಿ ಒಬ್ಬರೂ ಇರಲಿಲ್ಲ. ಅವರ ವಿಷಯದಲ್ಲಿ ಲೆಕ್ಕಕ್ಕೆ ಬರೋದು 1994ರ ಹೃದ್ರೋಗಿಗಳ ಪರೀಕ್ಷೆ. ಹಳೇ ಕಟಿಂಗ್ ನಂಬಿ ಅವರು ಪಂಪು ಬಿಟ್ಟಿದ್ದರು. ನನ್ನ ಅರೆಬರೆ ಓದು ನಂಬಿ ಹೃದಯದ ಮಾತ್ರೆ ಬಿಡೋದರಲ್ಲಿದ್ದರು. ಎರಡನೇ ತಪ್ಪು ಇನ್ನೂ ದುಬಾರಿ ಆಗ್ತಿತ್ತು, ಅದು ನನ್ನದು.

"ದೊಡ್ಡಪ್ಪ, ನೀವು ಎರಡೂ ಬಿಡಬೇಡಿ. ಮಾತ್ರೆ ಹೃದಯಕ್ಕೆ, ಪಂಪು ದಮ್ಮಿಗೆ. ಒಂದರ ಕೆಲಸ ಇನ್ನೊಂದು ಮಾಡಲ್ಲ" ಅಂದೆ. ಮಧ್ಯಾಹ್ನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪಂಪು ಚಟ ಆಗಲ್ಲ ಅಂತ ಅವರೂ ಹೇಳಿದರು, ಹೇಗೆ ಎಳೆದುಕೊಳ್ಳಬೇಕು ಅಂತ ಇನ್ನೊಮ್ಮೆ ತೋರಿಸಿಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ, "ಹಾಗಾದ್ರೆ ದಮ್ಮಿಗೆ ಏನೂ ಗ್ಯಾರಂಟಿ ಇಲ್ವೇನೋ?" ಅಂತ ಕೇಳಿದರು. ಇದೆ ಅಂದೆ. ಲಂಡನ್ನಿನ 792 ಗಂಡಸರನ್ನ ಎಂಟು ವರ್ಷ ಗಮನಿಸಿ, ಫ್ಲೆಚರ್ ಮತ್ತು ಪೀಟೊ 1977ರಲ್ಲೇ ಬರೆದಿದ್ದರು. ಸೇದೋದು ಬಿಟ್ಟರೆ ಹೋದ ಶ್ವಾಸಕೋಶ ವಾಪಸ್ ಬರಲ್ಲ, ಆದ್ರೆ ಮುಂದೆ ಹಾಳಾಗೋ ವೇಗ ಇಳಿಯುತ್ತೆ.

"ಅದನ್ನ ಬಿಟ್ಟು ಆರು ವರ್ಷ ಆಯ್ತಲ್ಲೋ" ಅಂದರು.

"ಅದಕ್ಕೇ ಇವತ್ತು ಬಸ್ಸಿನಲ್ಲಿ ಕೂತಿದೀರಾ" ಅಂದೆ. ನಕ್ಕರು. ನಗುವಾಗಲೂ ಕೆಮ್ಮು ಬಂತು.

ನಿಮ್ಮ ಮನೆಯಲ್ಲೂ ಯಾರಾದ್ರೂ ಕಟಿಂಗ್ ಹಿಡಿದು ಬಂದರೆ, ಅದು ನಿಜವೋ ಸುಳ್ಳೋ ಅಂತ ನೋಡೋದರ ಜೊತೆಗೆ, ಅಲ್ಲಿ ಲೆಕ್ಕ ಹಾಕಿದ್ದು ಯಾರನ್ನ ಅಂತಾನೂ ಒಂದ್ಸಲ ನೋಡಿ. ನಾನಂತೂ ಕಲಿತೆ.